ನಾಲ್ಕು ಡಿಗ್ರಿಯ ಮಧ್ಯಾಹ್ನ

ಪೀಣ್ಯ ಎರಡನೇ ಹಂತದ ಆ ತಗಡಿನ ಕಾರ್ಖಾನೆಯಲ್ಲಿ ಮಧ್ಯಾಹ್ನ ಹನ್ನೆರಡಾಗುತ್ತಿದ್ದಂತೆ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಮಹಾನಂದಾ ಮತ್ತೆ ಮತ್ತೆ ಗಡಿಯಾರ ನೋಡತೊಡಗುತ್ತಿದ್ದಳು. ಬೆಳಗಿನಿಂದ ತುಟಿಪಿಟಕ್ಕೆನ್ನದೆ ದುಡಿದ, ಎಲ್ಲ ಕಂಪ್ಯೂಟರುಗಳಿಗೂ ಮೂಲವಾದ ಸರ್ವರು ಸರಿಯಾಗಿ ಆ ಹೊತ್ತಿಗೆ ಕಾಲೆಳೆಯತೊಡಗುತ್ತಿತ್ತು. ಡ್ರಾಯಿಂಗ್ ತೆರೆಯಲು ಹೋದವರ ಪರದೆಯ ಮೇಲೆ ಅರ್ಧ ಗೆರೆ ಮೂಡಿ ಅಲ್ಲಿಗೇ ನಿಲ್ಲುತ್ತಿತ್ತು. ಲಾರಿ ಲೋಡಾಗಿ ನಿಂತಿದ್ದರೂ ಅದರ ಬಿಲ್ಲು ಹೊರಬರದೆ ಪ್ರಿಂಟರು ಸುಮ್ಮನೆ ದೀಪ ಮಿಟುಕಿಸುತ್ತಿತ್ತು. ಊಟದ ಗಂಟೆ ಹೊಡೆದು, ಜನ ಉಂಡು ಕೈ ತೊಳೆದು ಬಂದು ಕೂರುವಷ್ಟರಲ್ಲಿ ಅದೇ ಸರ್ವರು ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಚುರುಕಾಗಿರುತ್ತಿತ್ತು.

ಡಿಸ್ಪ್ಯಾಚ್ ನೋಡಿಕೊಳ್ಳುವ ಈಶಪ್ಪ ದಿನವೂ ಆ ಹೊತ್ತಿಗೆ ಬಂದು ಸರ್ವರ್ ರೂಮಿನ ಬಾಗಿಲಿಗೆ ಒರಗುತ್ತಿದ್ದ. ಬೈಯುತ್ತಿರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನಿಮ್ ಮಷೀನು ನಮಗಿಂತ ಮುಂಚೆ ಊಟಕ್ಕೆ ಹೋಗುತ್ತಲ್ಲ ಮೇಡಂ, ಯೂನಿಯನ್‌ಗೇನಾದ್ರೂ ಸೇರ್ಕೊಂಡಿದೆಯಾ?"

ಮಹಾನಂದಾ ನಗಲು ನೋಡುತ್ತಿದ್ದಳು. ನಗು ಅರ್ಧಕ್ಕೇ ನಿಲ್ಲುತ್ತಿತ್ತು, ಆ ಡ್ರಾಯಿಂಗಿನ ಗೆರೆಯ ಹಾಗೆ.

ನುಂಗಲಾರದ ಸಂಗತಿಯೆಂದರೆ ಆ ಸರ್ವರನ್ನು ತರಿಸಿದವಳು ಅವಳೇ. ಮೊದಲಿದ್ದದ್ದು ದೈತ್ಯ. ಅದರ ಫ್ಯಾನುಗಳ ಆರ್ಭಟಕ್ಕೆ ಪಕ್ಕದ ಪ್ರೆಸ್ ಶಾಪಿನ ಸದ್ದೂ ಮಂಕಾಗುತ್ತಿತ್ತು. ಅದು ಕಾರುವ ಬಿಸಿಗೆ ಸಣ್ಣ ಎ.ಸಿ. ಸಾಲದೆ, ಹಿಂದಿನ ಗೋಡೆಗೆ ಕಿಂಡಿ ಕೊರೆದು, ತಮ್ಮದೇ ಶಾಪಿನಲ್ಲಿ ಮಡಚಿದ ತಗಡಿನ ಕೊಳವೆ ಕೂರಿಸಿ, ಬಿಸಿಗಾಳಿಯನ್ನು ಆಚೆಗೆ ದಾಟಿಸಿದ್ದರು. ಕರೆಂಟು ಹೋದರೆ ಜನರೇಟರ್ ಹತ್ತಿಕೊಳ್ಳುವ ಮುಂಚೆಯೇ ಯು.ಪಿ.ಎಸ್. ಕೈಚೆಲ್ಲುತ್ತಿತ್ತು. ಕರೆಂಟಂತೂ ಆ ವರ್ಷಗಳಲ್ಲಿ ಪೀಣ್ಯದವರಿಗೆ ನೆಂಟರ ಹಾಗೆ ಬಂದು ಹೋಗುತ್ತಿತ್ತು.

ಮಹಾನಂದಾ ತಿಂಗಳುಗಟ್ಟಲೆ ಓದಿ, ವಿಚಾರಿಸಿ, ಕಡಿಮೆ ವಿದ್ಯುತ್ತಿನ ತಳಿಯ ಡ್ಯುಯಲ್ ಕೋರ್ ಪ್ರೊಸೆಸರ್ ಇರುವ ಸರ್ವರೊಂದನ್ನು ಆರಿಸಿದ್ದಳು. ಹೊಸದಲ್ಲ. ವೈಟ್‌ಫೀಲ್ಡಿನ ಯಾವುದೋ ಕಂಪನಿಯವರು ನಾಲ್ಕೈದು ವರ್ಷ ಬಳಸಿ, ತಮಗೆ ಹಳತಾಯಿತೆಂದು ಮಾರಿದ್ದು. ಆದರೆ ಒಂದೇ ಚಿಪ್ಪಿನೊಳಗೆ ಕೆಲಸ ಮಾಡುವ ಎರಡು ಕೋರುಗಳು, ಎರಡೂ ಸೇರಿ ಕುಡಿಯುವುದು ಒಂದು ಹಳೇ ಟ್ಯೂಬ್‌ಲೈಟಿನಷ್ಟೇ ವಿದ್ಯುತ್ತು. ಅದನ್ನು ಮಾಲೀಕ ಸಂಗಮೇಶ್ ಅವರಿಗೆ ವಿವರಿಸುವಾಗ ಅವಳು ಮೇಲಿನ ಟ್ಯೂಬ್‌ಲೈಟನ್ನೇ ಬೆರಳಲ್ಲಿ ತೋರಿಸಿದ್ದಳು. ಬಿಸಿಯೆಂದರೆ ವ್ಯರ್ಥವಾದ ವಿದ್ಯುತ್ತೇ ಸಾರ್, ಇದು ವ್ಯರ್ಥ ಮಾಡುವುದಿಲ್ಲ ಎಂದಿದ್ದಳು. ಹಾವೇರಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವಳಿಗೆ ಆ ಮಾತು ಹೇಳುವಾಗ ಒಂದು ಬಗೆಯ ಗರ್ವವೇ ಬಂದಿತ್ತು.

ದೀಪಾವಳಿ ಕಳೆದ ಮೇಲೆ ಬಂದು ಹಳೆಯದರ ಜಾಗದಲ್ಲೇ, ಅದೇ ಕೊಳವೆಗೆ ಬೆನ್ನು ಕೊಟ್ಟು ಕೂತ ಯಂತ್ರ ಸಂಕ್ರಾಂತಿಯವರೆಗೂ ಹೂವಿನ ಹಾಗೆ ನಡೆಯಿತು. ಆಮೇಲೆ ಶುರುವಾಯಿತು ಈ ಮಧ್ಯಾಹ್ನದ ಗ್ರಹಚಾರ.

ಸೋಮವಾರ ಸಂಗಮೇಶ್ ಅವಳನ್ನು ಕರೆಸಿದರು. ಸಮಾಧಾನದ ಮನುಷ್ಯ, ದನಿ ಏರಿಸುವವರಲ್ಲ. ಶುಕ್ರವಾರದೊಳಗೆ ಇದು ಸರಿಯಾಗದಿದ್ದರೆ ಕಂಪ್ಯೂಟರಿನ ಕೆಲಸವನ್ನೆಲ್ಲ ಹೊರಗಿನ ಏಜೆನ್ಸಿಗೆ ಒಪ್ಪಿಸುವುದಾಗಿಯೂ, ಅವಳು ಮೊದಲಿನಂತೆ ಇನ್‌ಸ್ಪೆಕ್ಷನ್ ಮೇಜಿಗೆ ಹೋಗಬಹುದೆಂದೂ, ಅಲ್ಲೂ ಜನ ಬೇಕಾಗಿದೆಯೆಂದೂ ಹೇಳಿದರು. ಸಂಬಳ ಅದೇ, ಬೇಜಾರು ಮಾಡ್ಕೋಬೇಡಿ ಎಂದೂ ಸೇರಿಸಿದರು.

ಬೇಜಾರು ಸಂಬಳದ್ದಲ್ಲ. ಈ ಕಾರ್ಖಾನೆಗೆ ಬಂದ ಹೊಸದರಲ್ಲಿ ಅವಳು ಆ ಮೇಜಿನ ಮುಂದೆ ನಿಂತು, ತಗಡಿನ ದಪ್ಪ ಅಳೆದು, ಸರಿ ಇದ್ದದ್ದು ಈ ಕಡೆ ಸರಿ ಇಲ್ಲದ್ದು ಆ ಕಡೆ ಎಂದು ವರ್ಷಗಳನ್ನು ಕಳೆದಿದ್ದಳು. ಸರ್ವರ್ ರೂಮಿನ ಬೀಗದ ಕೈ ಸಿಕ್ಕಿದ್ದು ತಾನಾಗಿ ಕಲಿತದ್ದರಿಂದ, ಯಾರೂ ಹೇಳಿಕೊಡದೆ. ಆ ಕೀಲಿಯನ್ನು ಮಾಲೀಕರ ಮೇಜಿನ ಮೇಲಿಟ್ಟು ಹಿಂದಿರುಗಲು ಅವಳು ತಯಾರಿರಲಿಲ್ಲ.

ಮಂಗಳವಾರ ಅವಳು ಹಠ ಹಿಡಿದು ಯಂತ್ರದ ಮುಂದೆ ಕೂತಳು. ಅದರ ಮುಂಭಾಗದ ಪುಟ್ಟ ಪರದೆ ಇಪ್ಪತ್ತನಾಲ್ಕು ಡಿಗ್ರಿ ತೋರಿಸುತ್ತಿತ್ತು, ಅಂದರೆ ಒಳಗೆ ಹೋಗುವ ಗಾಳಿ ತಂಪಾಗಿಯೇ ಇದೆ. ಪ್ರೊಸೆಸರಿನ ಒಳಗಿನ ಸ್ಥಿತಿ ತಿಳಿಯಲು ಒಂದು ಸಣ್ಣ ಪ್ರೋಗ್ರಾಮನ್ನು ಹಾಕಿಕೊಂಡಳು. ಅದು ಎರಡು ಕೋರಿಗೂ ಒಂದೊಂದು ಸಂಖ್ಯೆ ತೋರಿಸುತ್ತಿತ್ತು. ಬೆಳಗ್ಗೆ ನಲವತ್ತು, ನಲವತ್ತೊಂದು. ದುಡಿಯುವ ಚಿಪ್ಪಿಗೆ ನಲವತ್ತು ಡಿಗ್ರಿ ಏನೂ ಹೆಚ್ಚಲ್ಲ. ಸಮಾಧಾನವಾಯಿತು.

ಹನ್ನೊಂದರ ಚಹಾ ಮುಗಿಯಿತು. ಸಂಖ್ಯೆ ಇಳಿಯತೊಡಗಿತು. ಮೂವತ್ತು. ಹದಿನೆಂಟು. ಒಂಬತ್ತು. ಹನ್ನೆರಡು ಹೊಡೆಯುವಾಗ ಎರಡು ಕೋರುಗಳೂ ನಾಲ್ಕಕ್ಕೆ ಬಂದು ಕೂತವು. ಸರಿಯಾಗಿ ಆಗಲೇ ಹೊರಗಿನಿಂದ ಈಶಪ್ಪನ ಕೆಮ್ಮು ಕೇಳಿಸಿತು.

ನಾಲ್ಕು ಡಿಗ್ರಿ. ಕೋಣೆ ಇಪ್ಪತ್ತನಾಲ್ಕು ಡಿಗ್ರಿ ಇರುವಾಗ ಅದರೊಳಗಿನ, ಕೆಲಸ ಮಾಡುತ್ತಿರುವ, ವಿದ್ಯುತ್ತು ಹರಿಯುತ್ತಿರುವ ಒಂದು ಚಿಪ್ಪು ನಾಲ್ಕು ಡಿಗ್ರಿಗೆ ಇಳಿಯುವುದು ಹೇಗೆ? ಫ್ರಿಜ್ಜಿನೊಳಗಿಟ್ಟ ಹಾಲಿನಷ್ಟು ತಣ್ಣಗೆ? ಅವಳು ಕಲಿತ ಯಾವ ಭೌತಶಾಸ್ತ್ರವೂ ಇದನ್ನು ಒಪ್ಪುವಂತಿರಲಿಲ್ಲ. ಹಾಗಾದರೆ ಅಳೆಯುವ ಸೆನ್ಸರೇ ಕೆಟ್ಟಿರಬೇಕು ಎಂದುಕೊಂಡಳು. ಆದರೆ ಎರಡು ಕೋರಿಗೆ ಎರಡು ಬೇರೆಬೇರೆ ಸೆನ್ಸರುಗಳು. ಒಬ್ಬ ಸಾಕ್ಷಿ ಸುಳ್ಳು ಹೇಳಬಹುದು. ಇಬ್ಬರೂ ಒಂದೇ ಹೊತ್ತಿಗೆ, ಒಂದೇ ಸುಳ್ಳನ್ನು, ಒಂದೇ ಮುಖ ಮಾಡಿಕೊಂಡು ಹೇಳುತ್ತಾರೆಯೇ?

ಸಂಜೆ ಎಲ್ಲರೂ ಹೋದ ಮೇಲೆ ಸರ್ವರಿಗೆ ಬೇಕೆಂದೇ ಬೆಟ್ಟದಷ್ಟು ಕೆಲಸ ಹೇರಿ ನೋಡಿದಳು. ಸಂಖ್ಯೆ ಮೂವತ್ತೆಂಟಕ್ಕಿಂತ ಕೆಳಗಿಳಿಯಲಿಲ್ಲ, ಯಂತ್ರ ಒಮ್ಮೆಯೂ ತಡವರಿಸಲಿಲ್ಲ. ಇದ್ದಬದ್ದ ಕೆಲಸವನ್ನೆಲ್ಲ ಸರಾಗವಾಗಿ ಮುಗಿಸಿ, ಇನ್ನೇನಾದರೂ ಇದೆಯೇ ಎಂದು ಕೇಳುವಂತೆ ಗುಯ್ಗುಡುತ್ತಿತ್ತು.

ಬಾಗಲಗುಂಟೆಯ ಮನೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಅವಳು ಅದನ್ನೇ ತಿರುವಿ ಮುರುವಿ ಯೋಚಿಸಿದಳು. ಕಡಿಮೆ ವಿದ್ಯುತ್ತಿನ ಈ ಪ್ರೊಸೆಸರುಗಳಿಗೆ ಒಂದು ಸ್ವಭಾವವಿದೆ. ಕೆಲಸ ಕಡಿಮೆಯಾದಾಗ ತಾವಾಗಿಯೇ ವೇಗ ತಗ್ಗಿಸಿಕೊಂಡು ಅರೆನಿದ್ದೆಗೆ ಹೋಗುತ್ತವೆ. ವೇಗ ತಗ್ಗಿದರೆ ತಂಪಾಗುತ್ತವೆ. ಅಂದರೆ ಮಧ್ಯಾಹ್ನ ಇದು ನಿದ್ದೆ ಹೋಗುತ್ತಿದೆ, ಅದಕ್ಕೇ ನಿಧಾನ, ಅದಕ್ಕೇ ತಂಪು. ನಾಲ್ಕು ಡಿಗ್ರಿಯಷ್ಟು ತಂಪು ಹೇಗೆ ಎಂಬುದೊಂದು ಮುಳ್ಳು ಉಳಿಯಿತು. ಆದರೆ ಮುಳುಗುವವಳಿಗೆ ಅಷ್ಟಾದರೂ ಆಸರೆ ಸಿಕ್ಕಿತಲ್ಲ ಎಂದು ಆ ಮುಳ್ಳನ್ನು ಬದಿಗಿಟ್ಟಳು.

ಬುಧವಾರದ ಮಧ್ಯಾಹ್ನವೂ ಹಾಗೆಯೇ ಕೈಕೊಟ್ಟಿತು. ಸಂಜೆ ಅವಳು ಸೆಟ್ಟಿಂಗಿನೊಳಗೆ ಹೋಗಿ ಆ ಅರೆನಿದ್ದೆಯ ಸೌಲಭ್ಯವನ್ನೇ ನಿಲ್ಲಿಸಿಬಿಟ್ಟಳು. ಇನ್ನು ಕೆಲಸ ಇರಲಿ ಬಿಡಲಿ, ಎರಡು ಕೋರುಗಳೂ ಪೂರ್ಣ ವೇಗದಲ್ಲಿ ಎಚ್ಚರವಾಗಿಯೇ ಇರಬೇಕು.

ಗುರುವಾರ ಹನ್ನೆರಡಕ್ಕಲ್ಲ, ಹನ್ನೊಂದೂವರೆಗೇ ಸರ್ವರು ಕುಸಿಯಿತು. ಹಿಂದೆಂದೂ ಇಷ್ಟು ಕೆಟ್ಟದಾಗಿರಲಿಲ್ಲ. ಸಂಖ್ಯೆ ಎರಡಕ್ಕೆ ಇಳಿದಿತ್ತು. ಈಶಪ್ಪ ಬಾಗಿಲಿಗೆ ಬಂದವನು ಈ ಸಲ ತಮಾಷೆ ಮಾಡದೆ, ಅವಳ ಮುಖ ನೋಡಿ, ಬಿಲ್ಲುಗಳನ್ನು ಕೈಯಲ್ಲೇ ಬರೆದುಕೊಳ್ಳುತ್ತೇನೆಂದು ಹೊರಟುಹೋದ. ಆ ಕನಿಕರ ಅವಳ ಅಳಿದುಳಿದ ಧೈರ್ಯವನ್ನೂ ಕರಗಿಸಿತು.

ಊಟದ ಗಂಟೆ ಹೊಡೆಯಿತು. ಪ್ಯಾಕಿಂಗ್ ವಿಭಾಗದ ಹನುಮವ್ವ ಎಂದಿನಂತೆ ಬಂದು ಅವಳ ಮುಂದೆ ಒಂದು ರೊಟ್ಟಿ, ಅದರ ಮೇಲೊಂದಿಷ್ಟು ಪುಂಡಿಪಲ್ಯ ಇಟ್ಟಳು. ಕೊಪ್ಪಳದ ಕಡೆಯ ಹೆಂಗಸು. ಗಂಡನ ಜೊತೆ ಬಂದು ಬಾಗಲಗುಂಟೆಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದವಳು. ಮಹಾನಂದಾ ಇನ್‌ಸ್ಪೆಕ್ಷನ್ನಿನಲ್ಲಿದ್ದ ಕಾಲದಿಂದಲೂ, ನಮ್ಮ ಕಡೆಯವರು, ಅನ್ನ ತಿಂದು ಸೊರಗ್ಯಾರ ಎಂದು ದಿನವೂ ಒಂದು ರೊಟ್ಟಿ ಕೊಡುವುದು ಅವಳ ವಾಡಿಕೆ. ಮಹಾನಂದಾ ಅನ್ಯಮನಸ್ಕಳಾಗಿ ರೊಟ್ಟಿ ಮುರಿಯಲು ಹೋಗಿ ಚುರ್ರೆಂದು ಬೆರಳು ಹಿಂದೆಗೆದಳು.

"ಜ್ವಾಕಿ ಅಕ್ಕಾರ, ಇವತ್ತ ಭಾಳ ಬಿಸಿ ಅದಾವ," ಎಂದಳು ಹನುಮವ್ವ. "ನಡುವ ಎರಡು ತಿಂಗಳು ತಣ್ಣನ್ನ ರೊಟ್ಟಿ ತಿಂದು ಸಾಕಾಗಿತ್ತು. ಈಗ ಬರೋಬ್ಬರಿ ಆಗ್ಯಾವ. ಇವತ್ತಂತೂ ಈಗ ಹಂಚಿನ ಮ್ಯಾಲಿಂದ ತಗದಂಗ."

ಮಹಾನಂದಾ ಬೆರಳಿಗೆ ಗಾಳಿ ಊದುತ್ತ ಕೂತಳು. ಕಾರ್ಖಾನೆಯಲ್ಲಿ ಒಲೆಯಿಲ್ಲ. ಚಹಾ ಕೂಡ ಹೊರಗಿನ ಅಂಗಡಿಯಿಂದ ಬರುತ್ತದೆ. ಬೆಳಗ್ಗೆ ಐದಕ್ಕೆ ಬಡಿದ ರೊಟ್ಟಿ ಮಧ್ಯಾಹ್ನ ಒಂದಕ್ಕೆ ಬೆರಳು ಸುಡುವುದೆಂದರೇನು? ನಡುವೆ ಎರಡು ತಿಂಗಳು ತಣ್ಣಗಿತ್ತು. ದೀಪಾವಳಿಯಿಂದ ಸಂಕ್ರಾಂತಿಯವರೆಗೆ. ಈಗ ಬಿಸಿ. ಇವತ್ತು ಎಲ್ಲ ದಿನಕ್ಕಿಂತ ಬಿಸಿ. ಅವಳಿಗೆ ಏನೋ ಹೊಳೆದಂತಾಯಿತು, ಆದರೆ ಹೊಳೆದದ್ದು ಏನೆಂದು ತಿಳಿಯಲಿಲ್ಲ.

"ಹನುಮವ್ವ, ಡಬ್ಬಿ ಎಲ್ಲಿಡ್ತೀರಿ ನೀವು?"

ಹನುಮವ್ವ ಇದೆಂಥ ಪ್ರಶ್ನೆ ಎಂಬಂತೆ ನೋಡಿ, ಎದ್ದು ಮುಂದೆ ನಡೆದಳು. ಪ್ರೆಸ್ ಶಾಪು ದಾಟಿ, ಗುಜರಿ ತಗಡಿನ ರಾಶಿ ಬಳಸಿ, ಮಹಾನಂದಾ ಎಂದೂ ಕಾಲಿಡದಿದ್ದ ಒಂದು ಕಿರಿದಾದ ಓಣಿಗೆ ಕರೆದೊಯ್ದಳು. ಒಂದು ಕಡೆ ಕಾಂಪೌಂಡು, ಇನ್ನೊಂದು ಕಡೆ ಬಣ್ಣ ಹೋದ ಗೋಡೆ. ಗೋಡೆಯಲ್ಲಿ ಒಂದು ಕಿಂಡಿ, ಅದಕ್ಕೆ ತಗಡಿನ ಚೌಕಟ್ಟು, ಅದರ ಮುಂದೆ ಒಂದು ಕಪಾಟು. ಕಪಾಟಿನ ಹಲಗೆಗಳ ಮೇಲೆ ಡಬ್ಬಿಗಳು ಇಟ್ಟಿಗೆ ಜೋಡಿಸಿದಂತೆ ಒತ್ತೊತ್ತಾಗಿ ನಿಂತಿದ್ದವು. ಅರ್ಧ ಜನ ಆಗಲೇ ತಂತಮ್ಮದನ್ನು ಒಯ್ದಿದ್ದರು. ಪಕ್ಕದಲ್ಲಿ ಒಂದು ಕರಿಯ ಕಂಬಳಿ ಮಡಚಿಟ್ಟಿತ್ತು.

ಹನುಮವ್ವ ವಿವರಿಸಿದಳು. ಮೊದಲು ಈ ಕಿಂಡಿಯಿಂದ ಬೆಂಕಿಯಂಥ ಗಾಳಿ ಬರುತ್ತಿತ್ತು, ಡಬ್ಬಿ ಸುಮ್ಮನೆ ಇಟ್ಟರೆ ಸಾಕಿತ್ತು. ದೀಪಾವಳಿಯ ಮೇಲೆ ಅದಕ್ಕೇನಾಯಿತೋ, ದಮ್ಮೇ ಹೋಯಿತು. ಥಂಡಿಯ ದಿನಗಳಲ್ಲಿ ಎಲ್ಲರೂ ಮುಖ ಸಿಂಡರಿಸಿಕೊಂಡು ಉಣ್ಣತೊಡಗಿದರು. ಸಂಕ್ರಾಂತಿಗೆ ಊರಿಗೆ ಹೋದವಳು ಬರುವಾಗ ಈ ಕಂಬಳಿ ತಂದಳು. ಹನ್ನೊಂದರ ಚಹಾ ಆದ ಮೇಲೆ ಕಪಾಟಿನ ಸುತ್ತ ಹೊದಿಸಿ, ಸಂದುಗಳಿಗೆ ಗೋಣಿಚೀಲ ತುರುಕಿಬಿಟ್ಟರೆ ಇದ್ದ ಚೂರು ಬಿಸಿಯೂ ಆಚೆ ಹೋಗುವುದಿಲ್ಲ.

"ಇದರ ಆಚೆ ಏನಿದೆ ಅಂತ ಗೊತ್ತಾ ನಿಮಗೆ?"

"ಎ.ಸಿ. ಐತಿ ಅಂತಾರ. ಸಾಹೇಬರಿಗೆ ತಂಪು ಆ ಕಡೆ, ನಮಗ ಬಿಸಿ ಈ ಕಡೆ."

ಮಹಾನಂದಾ ಕಂಬಳಿಯನ್ನು ಮತ್ತೆ ಕಪಾಟಿಗೆ ಹೊದಿಸಲು ಹೇಳಿದಳು, ಗೋಣಿಚೀಲದ ಸಮೇತ. ಹನುಮವ್ವ ಗೊಂದಲದಿಂದಲೇ ಹೊದಿಸಿದಳು. ಮಹಾನಂದಾ ಸುತ್ತು ಬಳಸಿ ಸರ್ವರ್ ರೂಮಿಗೆ ಓಡಿದಳು. ಸಂಖ್ಯೆ ಇಳಿಯುತ್ತಿತ್ತು. ಮತ್ತೆ ಓಡಿ ಬಂದು ಕಂಬಳಿ ತೆಗೆಯಲು ಹೇಳಿ, ಮತ್ತೆ ಓಡಿದಳು. ಈಗ ಏರುತ್ತಿತ್ತು. ಹತ್ತು. ಹದಿನೇಳು. ಇಪ್ಪತ್ತಾರು. ಯಂತ್ರದ ಹಿಂಬದಿಗೆ ಕೈ ಚಾಚಿ ಹಿಡಿದಳು. ಸಂಖ್ಯೆ ಏರುತ್ತಿತ್ತು, ತಗಡು ತಣ್ಣಗಾಗುತ್ತಿತ್ತು.

ಅವಳು ಕುರ್ಚಿ ಎಳೆದು ಕೂತು, ಪ್ರೋಗ್ರಾಮಿನ ಜೊತೆ ಬಂದಿದ್ದ ವಿವರಣೆಯನ್ನು ಮೊದಲ ಸಲ ತೆರೆದು ಓದಿದಳು. ಆ ಪ್ರೋಗ್ರಾಮು ಎಲ್ಲೂ ಡಿಗ್ರಿ ಎಂದು ಹೇಳಿರಲಿಲ್ಲ. ಆ ಪದವನ್ನು ಸೇರಿಸಿಕೊಂಡದ್ದು ತಾನೇ. ಈ ಚಿಪ್ಪು ತಾನೆಷ್ಟು ಬಿಸಿಯಾಗಿದ್ದೇನೆಂದು ಹೇಳುವುದೇ ಇಲ್ಲ. ತಾನು ತಡೆದುಕೊಳ್ಳಬಲ್ಲ ಕೊನೆಯ ಮಿತಿಗೆ ಇನ್ನೆಷ್ಟು ದೂರ ಉಳಿದಿದೆ ಎಂದಷ್ಟೇ ಹೇಳುತ್ತದೆ. ನಲವತ್ತೆಂದರೆ ಇನ್ನೂ ನಲವತ್ತು ಹೆಜ್ಜೆ ನೆಮ್ಮದಿ. ನಾಲ್ಕೆಂದರೆ ಬೆಂಕಿಯ ಬಾಗಿಲು. ಅಲ್ಲಿಗೆ ಬಂದಾಗ ಅದು ಸುಟ್ಟುಹೋಗದಿರಲು ತಾನಾಗಿಯೇ ವೇಗ ತಗ್ಗಿಸಿಕೊಂಡು ಉಸಿರು ಹಿಡಿದು ಕೂರುತ್ತಿತ್ತು. ಅದನ್ನು ಅವಳು ನಿದ್ದೆಯೆಂದು ತಿಳಿದು ಎಬ್ಬಿಸಲು ಹೋಗಿದ್ದಳು. ಇಬ್ಬರು ಸಾಕ್ಷಿಗಳೂ ಮೊದಲಿನಿಂದ ನಿಜವನ್ನೇ ಹೇಳುತ್ತಿದ್ದರು. ಪ್ರಶ್ನೆ ಯಾವುದೆಂದು ತಿಳಿಯದೆ ಉತ್ತರ ಕೇಳಿಸಿಕೊಂಡವಳು ತಾನು.

ಸಂತೋಷವಾಗಬೇಕಿತ್ತು. ಆಗಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದರೆ ಕೀಲಿ ತನ್ನಲ್ಲಿ ಉಳಿಯುತ್ತದೆ, ಆದರೆ ಕಪಾಟು ನಾಳೆಯೇ ಗುಜರಿಗೆ ಸೇರುತ್ತದೆ, ಹನುಮವ್ವನಿಗೆ ಮೆಮೊ ಸಿಗುತ್ತದೆ. ಹೇಳದೆ ಸುಮ್ಮನಿದ್ದರೆ, ತಾನಾಗಿ ಕೆಟ್ಟು ತಾನಾಗಿ ಸರಿಹೋದ ಯಂತ್ರವನ್ನು ಯಾವ ಮಾಲೀಕ ನಂಬುತ್ತಾನೆ? ಅದೂ ಅಲ್ಲದೆ ಇನ್ನೊಂದು ಸಂಗತಿ ಅವಳ ತಲೆಯನ್ನು ಪೂರ್ತಿ ಕಲಕಿಬಿಟ್ಟಿತ್ತು. ಆ ಕಪಾಟಿನ ಮೇಲಿನ ಹಲಗೆಯಲ್ಲಿ, ಎಲ್ಲಕ್ಕಿಂತ ಒಳ್ಳೆಯ ಜಾಗದಲ್ಲಿ, ಕಿಂಡಿಗೆ ನೇರವಾಗಿ ಒಂದು ಮೂರು ಅಂತಸ್ತಿನ ಸ್ಟೀಲ್ ಕ್ಯಾರಿಯರ್ ನಿಂತಿತ್ತು. ಹಿತ್ತಾಳೆಯ ಹಿಡಿಕೆ. ಅದನ್ನು ಅವಳು ಸಂಗಮೇಶ್ ಅವರ ಮೇಜಿನ ಮೇಲೆ ಎಷ್ಟೋ ಸಲ ನೋಡಿದ್ದಳು.

ಶುಕ್ರವಾರ ಕಂಬಳಿ ಹೊದಿಸಬೇಡವೆಂದು ಹನುಮವ್ವನಿಗೆ ಹೇಳಿದಳು. ಗೋಡೆಯಾಚೆ ಇರುವುದು ಎ.ಸಿ. ಅಲ್ಲ, ಕಾರ್ಖಾನೆಯ ಲೆಕ್ಕವನ್ನೆಲ್ಲ ಮಾಡುವ ಯಂತ್ರ, ಕಂಬಳಿ ಹೊದಿಸಿದರೆ ಅದಕ್ಕೆ ಉಸಿರು ಕಟ್ಟುತ್ತದೆ ಎಂದಳು. ಹನುಮವ್ವ, ಕಿಂಡಿಯ ಆ ಬಿಸಿಗಾಳಿ ಅದರ ಉಸಿರೇನು ಎಂದು ಕೇಳಿ, ಕಂಬಳಿಯನ್ನು ಬಗಲಿಗೆ ಸೇರಿಸಿಕೊಂಡು ಹೋದಳು.

ಹನ್ನೆರಡಾಯಿತು. ಸಂಖ್ಯೆ ಮೂವತ್ತೈದರಲ್ಲಿ ನಿಂತಿತ್ತು. ಬಿಲ್ಲುಗಳು ಒಂದರ ಹಿಂದೊಂದು ಹೊರಬಂದವು. ಈಶಪ್ಪ ಅವನ್ನು ಎತ್ತಿಕೊಂಡು, ಯೂನಿಯನ್ ಮುಷ್ಕರ ವಾಪಸ್ ತಗೊಂಡಿತಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಲಾರಿಯ ಕಡೆ ನಡೆದ.

ಒಂದೂಕಾಲಿಗೆ ಸಂಗಮೇಶ್ ಕರೆಸಿದರು. ಕ್ಯಾರಿಯರ್ ಬಿಚ್ಚಿ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದರು. ಬಾಗಿಲ ಬಳಿ ಅಟೆಂಡರ್ ಯಮನಪ್ಪ ನೀರಿನ ಜಗ್ಗು ಹಿಡಿದು ನಿಂತಿದ್ದ. ಒಳ್ಳೆಯದಾಯಿತು, ಇವತ್ತು ಎಲ್ಲ ಸರಿಯಾಗಿ ನಡೆದಿದೆಯಂತೆ, ಏನಾಗಿತ್ತು ಎಂದು ಅವರು ಕೇಳಿದರು. ಅವಳು ಬಾಯಿ ತೆರೆಯುವಷ್ಟರಲ್ಲಿ ಒಂದು ತುತ್ತು ಬಾಯಿಗಿಟ್ಟು ಮುಖ ಹುಳ್ಳಗೆ ಮಾಡಿ ಯಮನಪ್ಪನ ಕಡೆ ತಿರುಗಿದರು.

"ಏನೋ ಇದು, ಇವತ್ತು ಮತ್ತೆ ಎಣ್ಣೆಗಾಯಿ ತಣ್ಣಗೆ ಕೊರೀತಿದೆ?"

ಯಮನಪ್ಪ ಮಹಾನಂದಾಳ ಮುಖ ನೋಡಿದ. ಮಹಾನಂದಾ ಕ್ಯಾರಿಯರ್ ನೋಡಿದಳು.

"ಸಾರ್, ನೀವು ಕೇಳಿದ್ದು ಎರಡಕ್ಕೂ ಉತ್ತರ ಒಂದೇ," ಎಂದಳು.

ಆಮೇಲೆ ಅವಳು ಎಲ್ಲವನ್ನೂ ಹೇಳಿದಳು. ಕಿಂಡಿ, ಕಪಾಟು, ಕಂಬಳಿ. ತಾನು ಬಿಸಿಯನ್ನು ತಂಪೆಂದು ಓದಿಕೊಂಡದ್ದು, ನಿದ್ದೆಯ ಸೌಲಭ್ಯ ನಿಲ್ಲಿಸಿ ಇನ್ನಷ್ಟು ಹದಗೆಡಿಸಿದ್ದು. ಹನುಮವ್ವನ ಹೆಸರು ಹೇಳಲಿಲ್ಲ, ಹೆಂಗಸರು ಎಂದಷ್ಟೇ ಅಂದಳು. ಕೊನೆಗೆ, ಮೇಲಿನ ಹಲಗೆಯಲ್ಲಿ ನಿಮ್ಮ ಕ್ಯಾರಿಯರೂ ಇತ್ತು ಸಾರ್ ಎಂದಳು.

ಸಂಗಮೇಶ್ ಯಮನಪ್ಪನನ್ನು ನೋಡಿದರು. ಯಮನಪ್ಪ ಜಗ್ಗನ್ನು ಎದೆಗವಚಿಕೊಂಡ.

"ಊಟ ಬಿಸಿ ಇರ್ಬೇಕು ಅಂತ ನೀವೇ ಅಂದಿದ್ರಿ ಸಾರ್. ಹಳೇ ಮಷೀನಿದ್ದಾಗಿಂದ ಅಲ್ಲೇ ಇಡ್ತಿದ್ದೆ. ಎಲ್ಲಿಡ್ತೀಯ ಅಂತ ನೀವು ಕೇಳ್ಲಿಲ್ಲ."

ಸಂಗಮೇಶ್ ತಣ್ಣನೆಯ ಬದನೆಕಾಯಿಯನ್ನು ಅತ್ತಿತ್ತ ಹೊರಳಿಸಿದರು. ಯಾರ ಮೇಲೆ ಸಿಟ್ಟಾಗಬೇಕೆಂದು ಅವರಿಗೂ ತಿಳಿಯದಂತಿತ್ತು.

"ಹಂಗಾದ್ರೆ ತಪ್ಪು ಯಾರದು ಅಂತ?"

"ಗೊತ್ತಿಲ್ಲ ಸಾರ್," ಎಂದಳು ಮಹಾನಂದಾ. ಅದು ನಿಜವಾಗಿತ್ತು.

ಸಂಗಮೇಶ್ ಒಂದು ತುತ್ತು ನುಂಗಿ, ಊರಿಗೆಲ್ಲ ತಗಡಿನ ಪೆಟ್ಟಿಗೆ ಮಾಡಿಕೊಡೋರು ನಾವು, ಗಾಳಿಯಾಡೋ ಹಾಗೆ ಒಂದು ತೂತಿನ ಕಪಾಟು ಮಾಡ್ಕೊಳ್ಳೋಕಾಗಲ್ವಾ ಎಂದು ಯಾರಿಗೂ ಅಲ್ಲದಂತೆ ಗೊಣಗಿದರು. ಗೋಡೆಯಿಂದ ಒಂದು ಗೇಣು ದೂರ ಇಡಲು, ಕಂಬಳಿ ಮಾತ್ರ ಬೇಡವೆನ್ನಲು ಹೇಳಿದರು. ಏಜೆನ್ಸಿಯ ಮಾತು ಬರಲಿಲ್ಲ. ಅವಳು ಹೊರಡುವಾಗ, ಕೀಲಿ ನಿಮ್ಮ ಹತ್ರಾನೇ ಇರಲಿ ಎಂದಷ್ಟೇ ಅಂದರು, ತಟ್ಟೆಯಿಂದ ತಲೆಯೆತ್ತದೆ.

ಸೋಮವಾರ ಹೊಸ ಕಪಾಟು ಬಂತು. ಮಹಾನಂದಾ ಬೆಳಗ್ಗೆ ಬಂದವಳೇ ಆ ಅರೆನಿದ್ದೆಯ ಸೌಲಭ್ಯವನ್ನು ಮೊದಲಿನಂತೆ ಹಚ್ಚಬೇಕೆಂದು ಸೆಟ್ಟಿಂಗ್ ತೆರೆದಳು. ಅದಕ್ಕಾಗಿಯೇ ತಾನೇ ಈ ಯಂತ್ರವನ್ನು ಆರಿಸಿದ್ದು, ವ್ಯರ್ಥ ಮಾಡದಿರಲಿ ಎಂದು. ಹಚ್ಚಿದರೆ ಕಿಂಡಿಯಿಂದ ಬರುವ ಗಾಳಿ ಇನ್ನಷ್ಟು ತಂಪು. ಹಚ್ಚದಿದ್ದರೆ ಡಬ್ಬಿಗಳಿಗೆ ಚೂರು ಬಿಸಿ, ಯಂತ್ರಕ್ಕೇನೂ ಅಪಾಯವಿಲ್ಲ, ಕರೆಂಟು ಮಾತ್ರ ಸ್ವಲ್ಪ ಹೆಚ್ಚು. ಬೆರಳು ಗುಂಡಿಯ ಮೇಲೇ ನಿಂತಿತ್ತು. ನಾಳೆ ಹಚ್ಚಿದರಾಯಿತೆಂದು ಮುಚ್ಚಿದಳು.

ಮಧ್ಯಾಹ್ನ ಹನುಮವ್ವ ರೊಟ್ಟಿ ತಂದಿಟ್ಟು ಎದುರಿಗೆ ನಿಂತಳು.

"ಬಿಸಿ ಅದಾವೇನ್ರಿ ಅಕ್ಕಾರ?"

ಮಹಾನಂದಾ ರೊಟ್ಟಿಯನ್ನು ಅಂಗೈ ಮೇಲಿಟ್ಟುಕೊಂಡಳು. ಬೆಚ್ಚಗಿದ್ದಂತಿತ್ತು. ಇನ್ನೊಂದು ಕೈಗೆ ಬದಲಾಯಿಸಿದಳು. ಅಲ್ಲಿ ಅಷ್ಟು ಬೆಚ್ಚಗೆನಿಸಲಿಲ್ಲ. ಮತ್ತೆ ಮೊದಲಿನ ಕೈಗೆ ತಂದಳು. ಬಿಸಿ ರೊಟ್ಟಿಯದೋ ತನ್ನ ಕೈಯದೋ ಅವಳಿಗೆ ಬಗೆಹರಿಯಲಿಲ್ಲ.

"ಗೊತ್ತಾಗ್ತಿಲ್ಲ ಹನುಮವ್ವ," ಎಂದು ಮುರಿದು ಬಾಯಿಗಿಟ್ಟಳು.